ಹಳ್ಳದಲ್ಲಿ ಕಂಡವಳು

ಆಳಂದದ ಬಸ್ ನಿಲ್ದಾಣಕ್ಕೆ ಕಲಬುರಗಿಯ ಬಸ್ಸು ಬಂದು ನಿಂತಾಗ, ಅದು ಇನ್ನಷ್ಟು ತಡವಾಗಿ ಬರಬಾರದಿತ್ತೇ ಎಂದು ಜಯತೀರ್ಥನಿಗೆ ಅನ್ನಿಸಿತು. ಜನ ನುಗ್ಗಿ ಹತ್ತುತ್ತಿದ್ದರು. ತೊಗರಿಯ ಚೀಲಕ್ಕೆ ಒರಗಿ ಕೂತಿದ್ದ ಮುದುಕನೊಬ್ಬ ಎದ್ದು ಧೋತರ ಕೊಡವಿಕೊಂಡು, ಹತ್ತುವ ಮೊದಲು ಇವನ ಮುಖವನ್ನು ನೋಡಿದ. ಗುರುತು ಹಿಡಿದವನ ನೋಟವೋ, ಸುಮ್ಮನೆ ಕಣ್ಣು ಹೋದದ್ದೋ ತಿಳಿಯಲಿಲ್ಲ. ಹನ್ನೊಂದು ದಿನಗಳಿಂದ ಹೀಗಾಗುತ್ತಿತ್ತು. ಕಾಲೇಜಿನ ವರಾಂಡದಲ್ಲಿ ಇಬ್ಬರು ಮಾತು ನಿಲ್ಲಿಸಿದರೆ ತನ್ನ ಬಗ್ಗೆಯೇ ಎಂದು ಮೆಟ್ಟಿಲ ಕಡೆ ತಿರುಗಿಬಿಡುತ್ತಿದ್ದ. ಅವರು ಮಾತಾಡುತ್ತಿದ್ದದ್ದು ಇವನ ಬಗ್ಗೆಯೇ, ಆದರೆ ಹೊಗಳಿಕೆ. ಅದು ಗೊತ್ತಾದ ಮೇಲೆ ವರಾಂಡದಲ್ಲಿ ನಿಲ್ಲುವುದನ್ನೇ ಬಿಟ್ಟಿದ್ದ. ನಿನ್ನೆ ಸಂಜೆ ಗೊಬ್ಬೂರಿನಿಂದ ಚಾಂದಪಾಶಾನ ಫೋನು ಬಂದಿತ್ತು. ಹನ್ನೊಂದು ದಿನದ ಕೆಳಗೆ ಫೋಟೋ ತೆಗೆಯಲು ಹೋದ ಇವನನ್ನು ಹಳ್ಳದ ತನಕ ಬಿಟ್ಟ ಟಂಟಂ ಆಟೋ ಅವನದು, ನೀರಿಗೆ ಬಿದ್ದ ಪ್ಯಾರಿಬಿ ಅವನ ಅಕ್ಕ. "ಸರ್, ಆಪಾ ನಿಮ್ಮ ಜೋಡಿ ಮಾತಾಡಬೇಕಂತಾಳ್ರಿ. ನಾಳೆ ಬರಾಕ ಆಗ್ತದೇನ್ರಿ?" ಎಂದ. "ಏನ ವಿಷಯ?" ಎಂದು ಇವನು ಕೇಳಿದ. "ಆಕಿನೇ ಹೇಳ್ತಾಳಂತ್ರಿ," ಎಂದಷ್ಟೇ ಚಾಂದಪಾಶಾ ಹೇಳಿದ್ದ. ಫೋನು ಇಟ್ಟ ಮೇಲೆ ಹೆಂಡತಿ ಅನುರಾಧಾ, "ಪಾಪ, ಉಪಕಾರ ಹೇಳಬೇಕಂತ ಕರದಿರಬೇಕು. ರಜಾ ಹಾಕಿ ಹೋಗಿ ಬರ್ರಿ," ಎಂದು, ಬೆಳಿಗ್ಗೆ ಮೋಸಂಬಿಯ ಚೀಲವೊಂದನ್ನು ಕೈಗೆ ಕೊಟ್ಟಿದ್ದಳು. ಕೊಡುವಾಗ ಅವಳ ಮುಖದಲ್ಲಿ ಮದುವೆಯಾದ ಹದಿನೇಳು ವರ್ಷಗಳಲ್ಲಿ ಇವನು ಕಾಣದ ಒಂದು ಹೆಮ್ಮೆ ಇತ್ತು. ಅದನ್ನು ನೋಡಲಾಗದೆ ಅವನು ಚಪ್ಪಲಿ ಹುಡುಕುವವನಂತೆ ಬಾಗಿದ್ದ.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಸ್ತೆಯ ಎರಡೂ ಕಡೆ ತೊಗರಿ ಮೊಣಕಾಲೆತ್ತರ ಬೆಳೆದಿತ್ತು. ಪ್ಯಾರಿಬಿಗೆ ಗೊತ್ತಿದೆ ಎಂದು ಒಂದು ಮನಸ್ಸು ಹೇಳಿತು. ನೀರಲ್ಲಿ ಮುಳುಗುತ್ತಿದ್ದವಳಿಗೆ ಏನು ಗೊತ್ತಿರುತ್ತದೆ ಎಂದು ಇನ್ನೊಂದು ಮನಸ್ಸು. ಆದರೆ ಕಣ್ಣಿಗೆ ಕಣ್ಣು ಸೇರಿದ್ದು ಸುಳ್ಳಲ್ಲ. ಅವನು ಭೌತಶಾಸ್ತ್ರ ಕಲಿಸುವವನು. ನೀರಿನ ಮೇಲೆ ಬಿದ್ದ ಬೆಳಕು ಹೇಗೆ ಹೊಳಪಾಗಿ ಏಳುತ್ತದೆ, ಪೋಲರೈಸರ್ ಎಂಬ ಗಾಜನ್ನು ಲೆನ್ಸಿನ ಮುಂದೆ ಹಿಡಿದು ತಿರುಗಿಸಿದರೆ ಆ ಹೊಳಪು ಹೇಗೆ ಅಳಿದು ತಳ ಕಾಣುತ್ತದೆ ಎಂದು ಪ್ರತಿ ವರ್ಷ ಹುಡುಗರಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ. ಅಂದೂ ಅದನ್ನೇ ಮಾಡಿದ್ದ. ಗೊಬ್ಬೂರಿನಿಂದ ಎರಡು ಕಿಲೋಮೀಟರ್ ಆಚೆ, ನೀರಿಗೆ ಅಡ್ಡ ಕಟ್ಟಿದ ಹಳೆಯ ಬಾಂದಾರದ ಮೇಲಿಂದ ಹಳ್ಳ ಕರಿಬಂಡೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಾಗ. ಹಳ್ಳದ ನಡುವಿನ ಬಂಡೆಯೊಂದರ ಮೇಲೆ ಟ್ರೈಪಾಡ್ ಊರಿ ಬೆಳಗಿನ ಒಂಬತ್ತರಿಂದ ನಿಂತಿದ್ದ. ನಾಲ್ಕು ದಿನ ಮಳೆ ಇಲ್ಲದೆ ನೀರು ತಿಳಿಯಾಗಿತ್ತು. ಪೋಲರೈಸರ್ ತಿರುಗಿಸಬೇಕೆಂದರೆ ಲೆನ್ಸಿಗೆ ಮರೆಯಾಗಿರುವ ಹುಡ್ ತೆಗೆಯಬೇಕು, ತೆಗೆದರೆ ಬಾಂದಾರದಿಂದ ಏಳುವ ತುಂತುರು ಗಾಜಿನ ಮೇಲೆ ಕೂರುತ್ತದೆ. ಒರೆಸಿ ಹುಡ್ ಹಾಕಿದರೆ ಪೋಲರೈಸರ್ ಅಲುಗಿರುತ್ತದೆ. ಹೀಗೆ ಆರು ಚಿತ್ರ ಕೆಟ್ಟಿದ್ದವು. ಏಳನೆಯದಕ್ಕೆ ಎಲ್ಲ ಸರಿಹೋಯಿತು. ಹೊಳಪು ಮೆಲ್ಲಗೆ ಕರಗಿ, ತಳದ ಉಸುಕು, ಉಸುಕಿನ ಮೇಲಿನ ಗೆರೆ, ಕಪ್ಪೆಚಿಪ್ಪು ಕೂಡ ಕಂಡವು. ಬಲದಂಡೆಯ ಹತ್ತಿರ ಒಂದು ಕಡೆ ಮಾತ್ರ ಏನೂ ಕಾಣಲಿಲ್ಲ. ಹಸಿರಾದ ಒಂದು ಕತ್ತಲು. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಇಳಿಸಿ ಉಸುಕು ತೆಗೆದ ಗುಂಡಿ ಇರಬೇಕು ಎಂದುಕೊಂಡ. ಆಳು ಮುಳುಗುವಷ್ಟಿರಬಹುದು ಎಂದೂ ಅಂದುಕೊಂಡ. ಚಿತ್ರದ ಆ ಮೂಲೆಗೆ ಅಂಥ ಒಂದು ಕಪ್ಪು ಬೇಕಾಗಿತ್ತು, ಚೆನ್ನಾಯಿತು ಎಂದು ಖುಷಿಪಟ್ಟ. ಆ ಖುಷಿ ಈಗ ಬಸ್ಸಿನಲ್ಲಿ ನೆನಪಾಗಿ, ಯಾರೋ ಹಿಂದಿನಿಂದ ಕುತ್ತಿಗೆ ಮುಟ್ಟಿದಂತೆ ಅವನು ತಿರುಗಿ ನೋಡಿದ. ಹಿಂದಿನ ಸೀಟಿನ ಹೆಂಗಸು ಮಗುವಿಗೆ ಬಿಸ್ಕೀಟು ತಿನ್ನಿಸುತ್ತಿದ್ದಳು.

ಅಂದು ಪ್ಯಾರಿಬಿ ದಂಡೆಯ ಮೇಲೆ ಆಡುಗಳಿಗೆ ಹುಲ್ಲು ಕೊಯ್ಯುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು, ಹಸಿರು ಸೀರೆ. ಬೆಳಿಗ್ಗೆ ಇವನು ಬಂದಾಗ ಒಮ್ಮೆ, "ಏನ್ ತಗೀತೀರಿ ಸಾಬ್? ಬರೀ ನೀರ ಅದಾವಲ್ಲ," ಎಂದು ನಕ್ಕಿದ್ದಳು. ಕಾಲೇಜಿನಲ್ಲಿ ಸಹೋದ್ಯೋಗಿಗಳು ಕೇಳುವ ಪ್ರಶ್ನೆಯೂ ಅದೇ, ಅನುರಾಧಾ ಕೇಳುವುದೂ ಅದೇ. ಹಾಗಾಗಿ ಅವನು ಉತ್ತರ ಕೊಡದೆ ಚೀಲದ ಜಿಪ್ ಎಳೆದಿದ್ದ. ಪೋಲರೈಸರ್ ಮೇಲೆ ಕಪ್ಪು ಫಿಲ್ಟರ್ ತಿರುವಿ ಕೂರಿಸಿದ. ಅದನ್ನು ಹಾಕಿದ ಮೇಲೆ ಕ್ಯಾಮರಾದೊಳಗೆ ಕಣ್ಣಿಟ್ಟರೂ ಏನೂ ಕಾಣದು. ನಡುಹಗಲಿನ ಬೆಳಕನ್ನು ಅದು ಅಷ್ಟೂ ತಡೆಯುತ್ತದೆ, ಎರಡು ನಿಮಿಷ ತೆರೆದಿಟ್ಟರೆ ಮಾತ್ರ ಚಿತ್ರ ಮೂಡುತ್ತದೆ. ಆ ಎರಡು ನಿಮಿಷದಲ್ಲಿ ಹರಿಯುವುದೆಲ್ಲ ಹಾಲಿನ ಕೆನೆಯಂತೆ ಒಂದಾಗುತ್ತದೆ, ನಿಂತದ್ದು ಮಾತ್ರ ನಿಂತ ಹಾಗೆ ಉಳಿಯುತ್ತದೆ. ಕ್ಯಾಮರಾಕ್ಕೆ ಸಿಕ್ಕಿಸಿದ ವೈರಿನ ತುದಿಯ ಬಟನ್ ಒತ್ತಿ ಹಿಡಿದು ನಿಲ್ಲಬೇಕಿತ್ತು. ತಾನೇ ಹಿಡಿದುಕೊಳ್ಳುವ ಅದರ ಚಿಲಕ ಮುರಿದು ಮೂರು ತಿಂಗಳಾಗಿತ್ತು, ಹೆಬ್ಬೆರಳು ಎತ್ತಿದರೆ ಚಿತ್ರ ಅಲ್ಲಿಗೇ ಮುಗಿದಂತೆ. ಒತ್ತಿದ. ಕ್ಯಾಮರಾದ ನೆತ್ತಿಯ ಮೇಲೆ ಸೆಕೆಂಡುಗಳು ಓಡತೊಡಗಿದವು. ಒಂದು ನಿಮಿಷ ಆಗಿರಬಹುದು, ನೀರಿನ ಸದ್ದಿನ ಆಚೆಯಿಂದ, "ಸಾಬ್, ಏ ಸಾಬ್," ಎಂಬ ಕೂಗು ಬಂತು. ಅವನು ತಿರುಗಲಿಲ್ಲ. ಎಡಗೈ ಎತ್ತಿ, ತರಗತಿಯಲ್ಲಿ ಹುಡುಗರಿಗೆ ಮಾಡುವಂತೆ, ತಡಿ ಎಂದು ಸನ್ನೆ ಮಾಡಿದ. ಕೂಗು ಮತ್ತೆ ಬಂತು, ಹತ್ತಿರದಿಂದ. ಮೇಲೆ ಎಲ್ಲೋ ಬಿದ್ದ ಮಳೆಯ ನೀರು ಹಳ್ಳದಲ್ಲಿ ಇಳಿದು ಬರುತ್ತಿದೆ ಎಂದು ಅವಳು ಕೂಗುತ್ತಿದ್ದಾಳೆಂದು ಅವನಿಗೆ ಹೇಗೆ ತಿಳಿಯಬೇಕು. ಅವನಿಗೆ ಕೇಳುವುದಿಲ್ಲವೆಂದು ಅವಳು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಳು. ಹುಟ್ಟಿದಾಗಿನಿಂದ ದಾಟಿದ ಹಳ್ಳ, ಕಾಲಿಗೆ ಗೊತ್ತಿದ್ದ ದಾರಿ. ಗುಂಡಿ ಮಾತ್ರ ಈ ಬೇಸಿಗೆಯದು.

ಅವಳು ಬಿದ್ದ ಸದ್ದಿಗೆ ಅವನು ತಿರುಗಿ ನೋಡಿದ. ತಲೆ ಒಮ್ಮೆ ಮೇಲೆ ಬಂತು. ಬಾಯಿ ತೆರೆದಿತ್ತು, ಧ್ವನಿ ಇರಲಿಲ್ಲ. ಒಂದು ಕೈ ಎತ್ತಿ ಇವನನ್ನೇ ನೋಡಿದಳು. ಇವನೂ ನೋಡಿದ. ನೋಡಿ, ಮತ್ತೆ ಕ್ಯಾಮರಾದ ನೆತ್ತಿಯ ಮೇಲಿನ ಅಂಕಿಗಳ ಕಡೆ ತಿರುಗಿದ. ಮೊಣಕಾಲು ನೀರು, ಎದ್ದು ನಿಲ್ಲುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡದ್ದು ನೆನಪಿದೆ. ಗುಂಡಿಯನ್ನು ಹತ್ತು ನಿಮಿಷದ ಕೆಳಗೆ ಕಣ್ಣಾರೆ ಕಂಡವನು ಹಾಗೆ ಹೇಳಿಕೊಂಡ. ಹೆಬ್ಬೆರಳು ಏಳಲಿಲ್ಲ. ಎರಡು ನಿಮಿಷ ತುಂಬಿದ ಮೇಲೆ ಎದ್ದಿತು. ಆಮೇಲೂ ಕೈ ಮೊದಲು ಮಾಡಿದ್ದು ಕ್ಯಾಮರಾವನ್ನು ಟ್ರೈಪಾಡಿನಿಂದ ಬಿಡಿಸಿ, ಎತ್ತರದ ಬಂಡೆಯ ಮೇಲಿದ್ದ ಚೀಲದೊಳಗೆ ಇಟ್ಟದ್ದು. ಆಮೇಲೆ ಹಾರಿದ. ಸರಿಯಾಗಿ ಈಜು ಬಾರದವನು ಹೇಗೆ ಅವಳ ಸೆರಗು ಹಿಡಿದ, ಹೇಗೆ ಇಬ್ಬರೂ ಬಾಂದಾರದ ತುಕ್ಕು ಹಿಡಿದ ಸರಳಿಗೆ ತಗಲಿಕೊಂಡರು ಎಂಬುದು ಈಗಲೂ ಹರಿದ ಹಾಳೆಯ ಚೂರುಗಳ ಹಾಗೆ. ಅಷ್ಟರಲ್ಲಿ ಕೆಂಪು ನೀರು ಬಂತು. ಜೋಳದ ದಂಟು, ನೊರೆ, ಒಂದು ಪ್ಲಾಸ್ಟಿಕ್ ಕೊಡ. ಇವನು ನಿಂತಿದ್ದ ಬಂಡೆ ನೋಡುನೋಡುತ್ತ ಮುಳುಗಿತು, ಟ್ರೈಪಾಡ್ ಹೋಯಿತು. ಪಕ್ಕದ ಹೊಲದ ಮಹಾದೇವಪ್ಪ ಓಡಿಬಂದು ಎತ್ತಿನ ಹಗ್ಗ ಎಸೆದ. ದಂಡೆಯ ಮೇಲೆ ಅಂಗಾತ ಬಿದ್ದು ಕೆಮ್ಮುತ್ತಿದ್ದಾಗ, ಅವಳು ಕೂಗದಿದ್ದರೆ ಆ ನೀರು ಬರುವಾಗ ತಾನು ಇನ್ನೊಂದು ಚಿತ್ರಕ್ಕೆ ಗಾಜು ಒರೆಸುತ್ತ ಆ ಬಂಡೆಯ ಮೇಲೇ ಇರುತ್ತಿದ್ದೆ ಎಂಬುದು ಅವನಿಗೆ ಹೊಳೆದಿತ್ತು. ಮಹಾದೇವಪ್ಪ ಸೇರಿದ ಜನಕ್ಕೆ ಹೇಳುತ್ತಿದ್ದ: "ಈ ಸರ್ ಹಿಂದ ಮುಂದ ನೋಡದ ಹಾರಿದ್ರು ನೋಡ್ರಿ. ಆಕಿ ಬಿದ್ದಳು, ಇವರು ಹಾರಿದ್ರು." ಮಹಾದೇವಪ್ಪ ಕಂಡದ್ದು ಹಾರಿದ್ದನ್ನು ಮಾತ್ರ. ಜಯತೀರ್ಥ ಕೆಮ್ಮುತ್ತಲೇ ಇದ್ದ. ಕೆಮ್ಮು ನಿಂತ ಮೇಲೂ ಅಲ್ಲ ಎನ್ನಲಿಲ್ಲ. ಮರುದಿನ ಕಾಲೇಜಿನಲ್ಲಿ ಹುಡುಗರು ಎದ್ದು ಚಪ್ಪಾಳೆ ತಟ್ಟಿದಾಗಲೂ ಅನ್ನಲಿಲ್ಲ.

ಕಲಬುರಗಿಯಲ್ಲಿ ಇಳಿದು ಅಫಜಲಪುರದ ಬಸ್ಸು ಹಿಡಿದ. ಕಂಡಕ್ಟರ್ ಟಿಕೆಟ್ ಕೇಳಿದಾಗ ಗೊಬ್ಬೂರು ಎನ್ನಲು ಎರಡು ಸಲ ಬಾಯಿ ತೆರೆಯಬೇಕಾಯಿತು. ಜೇಬಿನೊಳಗಿನ ಮೊಬೈಲಿನಲ್ಲಿ ಆ ಚಿತ್ರ ಇತ್ತು. ಕ್ಯಾಮರಾದಿಂದ ಅದಕ್ಕೆ ಇಳಿಸಿಕೊಂಡದ್ದು ಯಾಕೆ ಎಂದು ಅವನಿಗೇ ಗೊತ್ತಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನೋಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅಷ್ಟು ಒಳ್ಳೆಯ ಚಿತ್ರ ತೆಗೆದಿರಲಿಲ್ಲ. ಕರಿಬಂಡೆಗಳ ನಡುವೆ ನೀರು ಹೊಗೆಯ ಹಾಗೆ, ಬಟ್ಟೆಯ ಹಾಗೆ ಇಳಿದಿತ್ತು. ಬಲಮೂಲೆಯಲ್ಲಿ, ಗೊತ್ತಿದ್ದವರಿಗೆ ಮಾತ್ರ ಕಾಣುವಂತೆ, ತೆಳ್ಳನೆಯ ಹಸಿರು ಮಬ್ಬು. ಪಾಚಿ ಎಂದರೆ ಯಾರೂ ನಂಬುತ್ತಾರೆ. ಎರಡು ಸಲ ಅಳಿಸಲು ಹೋಗಿ ಅಳಿಸಲಿಲ್ಲ. ಸಾಕ್ಷಿ ನಾಶ ಎಂಬ ಮಾತು ತಲೆಗೆ ಬಂದು ಹೆದರಿದನೋ, ಚಿತ್ರ ಹೋದೀತು ಎಂದು ಹೆದರಿದನೋ ಬಿಡಿಸಿ ಹೇಳಲಾರ. ಅವಳಿಗೆ ಗೊತ್ತಿದ್ದರೆ ಪೊಲೀಸರ ತನಕ ಹೋಗಬಹುದೇ? ನೋಡಿದ್ದಕ್ಕೆ, ನೋಡಿ ತಿರುಗಿದ್ದಕ್ಕೆ ಯಾವ ಕಾಯಿದೆ ಇದೆ? ಚಾಂದಪಾಶಾ ಮೈಕಟ್ಟಿನ ಆಳು. ಮನೆಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡರೆ? ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನನ್ನು ಕೇಳಿಟ್ಟುಕೊಂಡ.

ಚಾಂದಪಾಶಾ ಸ್ಟ್ಯಾಂಡಿನಲ್ಲೇ ಟಂಟಂ ನಿಲ್ಲಿಸಿಕೊಂಡು ಕಾಯುತ್ತಿದ್ದ. ಎರಡೂ ಕೈಯಿಂದ ಇವನ ಕೈ ಹಿಡಿದು, "ಬರ್ರಿ ಸರ್, ಭಾಳ ತ್ರಾಸ ಕೊಟ್ಟೆ ನಿಮಗ," ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದ ಬಂದ ಸಮಾಧಾನ ಹತ್ತು ಹೆಜ್ಜೆಯೂ ಉಳಿಯಲಿಲ್ಲ. ಊರೊಳಗಿನ ಕಿರಿದಾದ ಓಣಿಯಲ್ಲಿ ಗಾಡಿ ತಿರುವುತ್ತ ಅವನು ಮುಂದಿನಿಂದಲೇ ಹೇಳಿದ: "ಮುರಿದ ಕೈ ಕೂಡ್ತದ್ರಿ, ಅದರ ಚಿಂತಿ ಇಲ್ಲ. ಎದಿಯಾಗಿನ ನೀರೂ ಹೋಗ್ಯಾವಂತ. ಆದ್ರ ನಿದ್ದಿ ಇಲ್ರಿ, ಊಟ ಇಲ್ಲ. ಒಂದೇ ಮಾತು ಹಿಡಕೊಂಡು ಕುಂತಾಳ. ಡಾಕ್ಟರು ಹೆದರಿಕಿ ತಲಿಗೇರ್ಯದ ಅಂತ ಗುಳಿಗಿ ಕೊಟ್ಟಾರ. ದರ್ಗಾಕ್ಕ ಒಯ್ದು ತಾಯತ ಕಟ್ಟಿಸೀನಿ. ನಾವು ಹೇಳಿದ್ರ ನಂಬವಲ್ಲಳು. ನೀವು ಒಂದು ಮಾತು ಹೇಳಿದ್ರ ನಂಬ್ತಾಳ ನೋಡ್ರಿ."

"ಏನು ಮಾತು?" ಜಯತೀರ್ಥ ಕೇಳಿದ. ಗಾಡಿಯ ಸದ್ದಿನಲ್ಲಿ ಉತ್ತರ ತಪ್ಪಬಾರದೆಂದು ಮುಂದಕ್ಕೆ ಬಾಗಿದ.

"ಅದನ್ನ ನನ್ನ ಬಾಯಿಂದ ಹೇಳಾಕ ನಾಚಿಕಿ ಆಗ್ತದ್ರಿ," ಎಂದ ಚಾಂದಪಾಶಾ.

ಕಲ್ಲಿನ ಗೋಡೆಯ ಎರಡು ಕೋಣೆಯ ಮನೆ. ಪ್ಯಾರಿಬಿ ಹೊರಸು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಡಗೈಗೆ ಪ್ಲಾಸ್ಟರ್, ಕೊರಳಲ್ಲಿ ಕರಿದಾರದ ತಾಯತ. ಹನ್ನೊಂದು ದಿನಕ್ಕೆ ಇಷ್ಟು ಇಳಿಯಬಹುದೇ ಎಂದು ಜಯತೀರ್ಥ ಬೆಚ್ಚಿದ. ಆಡಿನ ಹಿಂದೆ ಓಡುತ್ತಿದ್ದ ಹೆಂಗಸಿನ ಕಣ್ಣು ಗುಳಿ ಬಿದ್ದಿದ್ದವು. ಅವಳು ಇವನನ್ನು ನೋಡಿದ ರೀತಿ ಅವನು ದಾರಿಯುದ್ದಕ್ಕೂ ಊಹಿಸಿಕೊಂಡು ಬಂದ ಯಾವ ನೋಟಕ್ಕೂ ಹೊಂದಲಿಲ್ಲ. ತಪ್ಪು ಹಿಡಿಯುವವಳ ನೋಟ ಅಲ್ಲ. ಅವಳೂ ಹೆದರಿದ್ದಳು. ಇವನು ಏನು ಹೇಳುತ್ತಾನೋ ಎಂದು ಹೆದರಿದ್ದಳು. ಚಾಂದಪಾಶಾನ ಹೆಂಡತಿ ತಸ್ಲೀಮ ಮೋಸಂಬಿಯ ಚೀಲ ಇಸಿದುಕೊಂಡು, ಕುರ್ಚಿ ಒರೆಸಿ ಹಾಕಿ, ಚಹಾ ತಂದಿಟ್ಟಳು.

"ಸರ್, ಸಿಟ್ಟಾಗಬ್ಯಾಡ್ರಿ," ಪ್ಯಾರಿಬಿ ಶುರು ಮಾಡಿದಳು. "ಇವರೆಲ್ಲಾ ಹೇಳ್ತಾರ, ನಾ ಬಿದ್ದ ಕೂಡ್ಲೇ ನೀವು ಹಾರಿದ್ರಿ ಅಂತ. ಮಹಾದೇವಪ್ಪನೂ ಹಂಗೇ ಅಂತಾನ. ನನ್ನ ತಲ್ಯಾಗ ಹಂಗಿಲ್ರಿ. ನನ್ನ ತಲ್ಯಾಗ ನಾ ಕೈ ಎತ್ತೇನಿ, ನೀವು ನನ್ನ ನೋಡ್ತೀರಿ, ಮತ್ತ ಆ ಡಬ್ಬಿ ಕಡೆ ಹೊಳ್ಳತೀರಿ. ಕಣ್ಣು ಮುಚ್ಚಿದ್ರ ಅದೇ ಬರ್ತದ. ನಾ ನಿಮಗ ಕಾಣವಲ್ಲೆ, ಅಂದ್ರ ನಾ ಆಗಲೇ ಸತ್ತೇನಿ ಅನಿಸ್ತದ. ನೀರಾಗಿಂದ ನೀವು ತಗದದ್ದು ಬ್ಯಾರೆ ಯಾರನ್ನೋ ಅನಿಸ್ತದ."

"ನೋಡ್ರಿ ಹಿಂಗ ಅಂತಾಳ," ಚಾಂದಪಾಶಾ ತಲೆ ತಗ್ಗಿಸಿದ. "ಜೀವ ಉಳಿಸಿದವರ ಮ್ಯಾಲೆ ಇಂಥಾ ಮಾತು."

"ನಾ ಇವರ ಮ್ಯಾಲೆ ಏನೂ ಹೇಳಾಕತ್ತಿಲ್ಲೋ. ನನ್ನ ತಲಿ ನೆಟ್ಟಗ ಅದೇನು ಇಲ್ಲೇನು ಅಂತ ಕೇಳಾಕತ್ತೇನಿ."

ತಸ್ಲೀಮ ಬಾಗಿಲ ಹತ್ತಿರದಿಂದ ಮೆಲ್ಲಗೆ ಹೇಳಿದಳು: "ಮುಂಜಾನೆ ಎದ್ದು ನನಗ ಕೇಳ್ತಾರ್ರಿ, ತಸ್ಲೀಮ, ನಾ ನಿನಗ ಕಾಣಾಕತ್ತೇನಿ ಏನು ಅಂತ. ದಿನಾ ಕೇಳ್ತಾರ. ನನಗೇ ಹೆದರಿಕಿ ಆಗ್ತದ." ಆಮೇಲೆ ಅವಳಿಗೇ ಏನೋ ಹೊಳೆದಂತೆ, "ಅವತ್ತು ತಗದ ಫೋಟೋ ಅದೇನ್ರಿ ಸರ್? ಒಮ್ಮೆ ತೋರಿಸ್ರಿ. ನೋಡಿದ್ರ ಸಮಾಧಾನ ಆದೀತು," ಎಂದಳು.

ಇಲ್ಲ ಎನ್ನಬಹುದಿತ್ತು. ಕೈ ಆಗಲೇ ಜೇಬಿಗೆ ಹೋಗಿತ್ತು. ಪ್ಯಾರಿಬಿ ಮೊಬೈಲನ್ನು ಬಲಗೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಳು. ಅವಳ ಕಣ್ಣು ಎಡದಿಂದ ಬಲಕ್ಕೆ, ಬಾಂದಾರದಿಂದ ಕೆಳಗಿನ ಬಂಡೆಗೆ, ಕಳೆದ ಸೂಜಿ ಹುಡುಕುವ ಹಾಗೆ ಚಲಿಸಿದವು. ತಸ್ಲೀಮಳೂ ಬಾಗಿ ನೋಡಿದಳು. "ಇದು ನಮ್ಮ ಹಳ್ಳ ಅಲ್ಲ. ಇದು ಹೊಗಿ ಇದ್ದಂಗ ಅದ," ಎಂದಳು ಪ್ಯಾರಿಬಿ. "ಇದರಾಗ ನಾ ಎಲ್ಲದೇನಿ?" ಇನ್ನೊಮ್ಮೆ ಮೂಲೆಯಿಂದ ಮೂಲೆಗೆ ನೋಡಿದಳು. "ನಾ ಇಲ್ಲ," ಎಂದು ಅವಳೇ ಹೇಳಿದಳು. ಮೊಬೈಲು ಹಾಸಿಗೆಯ ಮೇಲೆ ಜಾರಿತು. "ಖರೇ ಅದ ನೋಡೋ ಚಾಂದ್. ಅವತ್ತೇ ನಾ ಇದ್ದಿಲ್ಲ. ನನ್ನ ತಲಿ ಕೆಟ್ಟದ."

ಒಂದು ವಾಕ್ಯ ಜಯತೀರ್ಥನ ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ಹೆದರಿಕೆಗೆ ಹಾಗೆ ಅನ್ನಿಸಿದೆ ಅಕ್ಕಾ, ನೀವು ಬಿದ್ದ ಕೂಡಲೇ ನಾನು ಹಾರಿದೆ. ಅಷ್ಟು ಹೇಳಿದರೆ ಸಾಕು. ಚಾಂದಪಾಶಾ ಅದನ್ನೇ ಕೇಳಲು ಕಾಯುತ್ತಿದ್ದ, ತಸ್ಲೀಮಳೂ ಕಾಯುತ್ತಿದ್ದಳು. ಪ್ಯಾರಿಬಿ ಕೂಡ ಅದನ್ನು ನಂಬುವಳು. ತಲೆ ಕೆಟ್ಟಿದೆ ಎಂದು ಒಪ್ಪಿಕೊಂಡು ಗುಳಿಗೆ ನುಂಗಿ ಮಲಗುವಳು. ಯಾರಿಗೂ ಏನೂ ಆಗುವುದಿಲ್ಲ, ಅವನು ಸಂಜೆಯ ಹೊತ್ತಿಗೆ ಆಳಂದದಲ್ಲಿರುವನು. ಇದು ದಯೆಯೂ ಅಲ್ಲವೇ ಎಂದು ಯೋಚಿಸಿದ. ಅವಳು ಇವನ ತುಟಿಯನ್ನು ನೋಡುತ್ತಿದ್ದಳು. ಕೈ ಎತ್ತಿರಲಿಲ್ಲ, ಬಾಯಿ ತೆರೆದಿರಲಿಲ್ಲ, ಆದರೆ ಹಳ್ಳದಲ್ಲಿ ನೋಡಿದ ಅದೇ ಕಣ್ಣು. ನಿಜ ಹೇಳಿದ ಮೇಲೆ ಈ ಮನೆಯ ಬಾಗಿಲು ದಾಟುವುದು ಹೇಗೆ ಎಂದು ಅವನ ಮೈ ಎಲ್ಲ ಬಾಗಿಲಿನ ಕಡೆ ಎಳೆಯುತ್ತಿತ್ತು. ಚಾಂದಪಾಶಾ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದ.

"ನಿಮ್ಮ ತಲಿ ನೆಟ್ಟಗದ ಅಕ್ಕಾ," ಎಂದ.

ತನ್ನ ಧ್ವನಿ ಎಲ್ಲಿಂದಲೋ ಬಂದಂತೆ ಕೇಳಿತು. "ನಾ ನೋಡಿದೆ. ನೀವು ಕೈ ಎತ್ತಿದ್ದು ನೋಡಿದೆ. ನೋಡಿ ಹೊಳ್ಳಿದೆ."

"ಏನಂತೀರಿ ಸರ್?" ಚಾಂದಪಾಶಾ ಕೇಳಿದ.

ಜಯತೀರ್ಥ ಹೇಳಿದ. ಕಲಿಸುವವನ ಚಟ, ಮೊದಲು ಫಿಲ್ಟರಿನ ವಿಷಯ ಹೇಳಿದ. ಎರಡು ನಿಮಿಷ ತೆರೆದಿಟ್ಟರೆ ಅಲುಗಾಡುವ ಯಾವುದೂ ಚಿತ್ರದಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಅವಳು ಇಲ್ಲ, ಅವಳು ಅಲ್ಲಿ ಇದ್ದಳು ಎಂದ. ಬಲಮೂಲೆಯ ಹಸಿರು ಮಬ್ಬನ್ನು ಬೆರಳಿಟ್ಟು ತೋರಿಸಿ, ಇದು ನಿಮ್ಮ ಸೀರೆ ಎಂದ. ಆಮೇಲೆ ಬಟನ್ನಿನ ವಿಷಯ, ಹೆಬ್ಬೆರಳಿನ ವಿಷಯ. ಗುಂಡಿ ಮೊದಲೇ ಕಂಡಿತ್ತು ಎಂಬುದನ್ನು ಬಿಡದೆ ಹೇಳಿದ. ಕ್ಯಾಮರಾವನ್ನು ಚೀಲದಲ್ಲಿ ಇಟ್ಟು ಹಾರಿದ್ದನ್ನೂ ಹೇಳಿದ. ಮುಗಿಸುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಎಷ್ಟೊತ್ತು?" ಪ್ಯಾರಿಬಿ ಕೇಳಿದಳು.

"ಅರ್ಧ ನಿಮಿಷ."

"ಅರ್ಧ ನಿಮಿಷ ಅಂದ್ರ ಎಷ್ಟಾಗ್ತದ?"

ಚಾಂದಪಾಶಾ ಬಾಗಿಲು ಬಿಟ್ಟು ಒಳಗೆ ಬಂದ. ಜಯತೀರ್ಥನ ಭುಜ ತಾನಾಗಿ ಕುಗ್ಗಿತು. ಆದರೆ ಚಾಂದಪಾಶಾ ಅವನನ್ನು ದಾಟಿ ಹೋಗಿ, ತನ್ನ ಮೊಬೈಲಿನ ಗಡಿಯಾರದಲ್ಲಿ ಅರ್ಧ ನಿಮಿಷ ಹೊಂದಿಸಿ ಅಕ್ಕನ ಮುಂದೆ ಹಾಸಿಗೆಯ ಮೇಲೆ ಇಟ್ಟು, ಬೆರಳಿನಿಂದ ಒತ್ತಿದ. ಪ್ಯಾರಿಬಿ ಕಣ್ಣು ಮುಚ್ಚಿ ಉಸಿರು ಹಿಡಿದಳು. ಹೊರಗೆ ಆಡೊಂದು ಕೂಗಿತು. ಓಣಿಯಲ್ಲಿ ಯಾರೋ ಸೈಕಲ್ ಹತ್ತಿ, ಗಂಟೆ ಬಾರಿಸಿ, ಓಣಿಯ ತುದಿ ತಲುಪಿ, ಸದ್ದು ಪೂರ್ತಿ ಅಡಗಿತು. ಇನ್ನೂ ಮುಗಿದಿರಲಿಲ್ಲ. ಪ್ಯಾರಿಬಿಯ ಮುಖ ಕೆಂಪಗಾಗಿ, ಕೊರಳ ನರ ಉಬ್ಬಿ, ಪ್ಲಾಸ್ಟರಿನ ಕೈ ಹಾಸಿಗೆಯ ಮೇಲೆ ತಡಕಾಡತೊಡಗಿತು. ತಸ್ಲೀಮ ಆ ಕೈಯ ಬೆರಳುಗಳನ್ನು ಹಿಡಿದುಕೊಂಡಳು. ಇಷ್ಟು ಹೊತ್ತು, ಎಂದು ಜಯತೀರ್ಥನ ಒಳಗೆ ಯಾವುದೋ ಒಂದು ಸಣ್ಣ ಧ್ವನಿ ಹೇಳುತ್ತಿತ್ತು, ಇಷ್ಟು ಹೊತ್ತು ನಿಂತಿದ್ದೆ. ಕುರ್ಚಿಯಿಂದ ಎದ್ದು ಅದನ್ನು ನಿಲ್ಲಿಸಿಬಿಡಬೇಕು ಎನ್ನಿಸಿತು. ಮೊಬೈಲು ಕೂಗಿತು.

ಪ್ಯಾರಿಬಿ ಉಸಿರು ಬಿಟ್ಟಳು. "ಹೌದು," ಎಂದಳು. "ಇಷ್ಟೇ ಇತ್ತು." ಆಮೇಲೆ ತಸ್ಲೀಮಳ ಕಡೆ ತಿರುಗಿ, "ಕೇಳಿದೇನು? ನಾ ಹೇಳಿದ್ದು ಖರೇ ಇತ್ತು. ನನ್ನ ತಲಿ ನೆಟ್ಟಗದ," ಎಂದಳು. ಕೊರಳಿನ ತಾಯತವನ್ನು ಒಂದೇ ಕೈಯಿಂದ ಬಿಚ್ಚಲು ಹೋಗಿ ಬಾರದೆ ಬಿಟ್ಟಳು. ಆಮೇಲೆ, ಅವನು ಇನ್ನೂ ಅಲ್ಲೇ ಇದ್ದಾನೆ ಎಂಬುದು ಆಗ ನೆನಪಾದವಳಂತೆ, ಕೇಳಿದಳು: "ಯಾಕ ಹೊಳ್ಳಿದ್ರಿ?"

"ಗೊತ್ತಿಲ್ಲ ಅಕ್ಕಾ."

"ಗೊತ್ತಿಲ್ಲ ಅನ್ನಬ್ಯಾಡ್ರಿ. ಇಷ್ಟು ಹೇಳೀರಿ, ಅದೂ ಹೇಳ್ರಿ."

ಅವನು ನೆಲ ನೋಡಿದ. "ಚಿತ್ರ ಚಲೋ ಬರಾಕತ್ತಿತ್ತು."

ಅವಳು ತಲೆ ಅಲ್ಲಾಡಿಸಿದಳು. ಕ್ಷಮಿಸಿದ್ದಲ್ಲ, ಶಪಿಸಿದ್ದೂ ಅಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು, ಅಷ್ಟೇ. "ನಾ ನಿಮ್ಮನ್ನ ಕರೀಲಿಕ್ಕ ಬಂದಿದ್ದೆ," ಎಂದಳು. "ಹೋಗ್ರಿ ಇನ್ನ," ಎಂದು ಮಗ್ಗುಲಾದಳು. ತಸ್ಲೀಮ ದುಪಟ್ಟಿ ಎಳೆದು ಹೊದಿಸಿದಳು. ಇವನು ಮೊಬೈಲು ಎತ್ತಿಕೊಂಡು ಬಾಗಿಲು ದಾಟುವಷ್ಟರಲ್ಲಿ ಅವಳ ಉಸಿರು ಏಳುತ್ತ ಇಳಿಯುತ್ತ ಒಂದು ಲಯಕ್ಕೆ ಬಂದಿತ್ತು. ಅವಳು ನಿದ್ದೆ ಹೋಗಿದ್ದಳು ಎಂದು ತಸ್ಲೀಮಳ ಮುಖ ನೋಡಿಯೇ ತಿಳಿಯಿತು.

ಚಾಂದಪಾಶಾ ಅಂಗಳದ ತನಕ ಬಂದ. ಟಂಟಂ ಹತ್ತ್ರಿ ಎನ್ನಲಿಲ್ಲ. ಹೊಡೆಯುವನೇನೋ ಎಂದು ಜಯತೀರ್ಥ ನಿಂತ. ಹೊಡೆದರೆ ಹಗುರಾದೀತು ಎಂದೂ ಎಲ್ಲೋ ಆಸೆಪಟ್ಟ, ಆಸೆಪಟ್ಟದ್ದಕ್ಕೆ ನಾಚಿದ. ಚಾಂದಪಾಶಾ ಅವನ ಮುಖ ನೋಡದೆ ಗಾಡಿಯ ಕನ್ನಡಿಯನ್ನು ಅಂಗಿಯ ತೋಳಿನಿಂದ ಒರೆಸುತ್ತ ಹೇಳಿದ: "ನೀವು ಹಾರಿದ್ದೂ ಖರೇ ಅದ್ರಿ. ಅದನ್ನ ನಾ ಇಲ್ಲ ಅನ್ನಂಗಿಲ್ಲ. ಆದ್ರ ಹನ್ನೊಂದು ದಿನ ನಮ್ಮಕ್ಕಗ ತಲಿ ಕೆಟ್ಟದ ಅಂತ ನಾನೇ ಊರಾಗ ಹೇಳ್ಕೋತ ತಿರಗೀನಿ. ನಿಮ್ಮ ಹೆಸರು ಕೆಡಬಾರದು ಅಂತ ಆಕಿ ಬಾಯಿ ಮುಚ್ಚಿಸೀನಿ. ಈಗ ಯಾವ ಬಾಯಿಲೆ ಹೇಳ್ಲಿ? ನೀವೇ ಹೇಳ್ರಿ." ಅಷ್ಟು ಹೇಳಿ ಒಳಗೆ ಹೋದ.

ಬಿಸಿಲಿನಲ್ಲಿ ನಡೆದ. ಓಣಿಯಲ್ಲಿ ಜನ ನಮಸ್ಕಾರ ಎಂದರು. ಅವರಿಗೆ ಇನ್ನೂ ಗೊತ್ತಿಲ್ಲ. ಗೊತ್ತಾಗುವ ತನಕದ ಈ ಸ್ವಲ್ಪ ಹೊತ್ತು ಹಿಂದೆಂದಿಗಿಂತ ಭಯಂಕರವಾಗಿತ್ತು. ಹೇಳಿಬಿಟ್ಟರೆ ಹೆದರಿಕೆ ಹೋಗುತ್ತದೆ ಎಂದು ಎಲ್ಲಿಯೋ ನಂಬಿದ್ದ. ಹೋಗಿರಲಿಲ್ಲ. ಅನುರಾಧಾಳಿಗೆ ಹೇಳಬೇಕು. ಅವಳ ಹೆಮ್ಮೆಯ ಆ ಮುಖ ಎದುರಿಗಿರುವಾಗಲೇ ಹೇಳಬೇಕು. ಚಪ್ಪಾಳೆ ತಟ್ಟಿದ ಹುಡುಗರಿಗೆ ಹೇಳಬೇಕು. ಹಾಗೆ ಎಣಿಸಿಕೊಳ್ಳುತ್ತ ಹೋದಂತೆ, ಯಾರಿಗೂ ತನ್ನ ಗುರುತಿಲ್ಲದ ಒಂದು ಬಸ್ಸಿನಲ್ಲಿ ಕೂತು ಎಲ್ಲಿಗಾದರೂ ಹೊರಟುಬಿಡುವ ಆಸೆ ಕಾಲಿಗೆ ವೇಗ ಕೊಟ್ಟಿತು. ಸ್ಟ್ಯಾಂಡಿನ ಚಹಾದ ಹೋಟೆಲಿನ ಮುಂದೆ ಮಹಾದೇವಪ್ಪ ಬೆಂಚಿನ ಮೇಲೆ ಕೂತಿದ್ದ. ಇವನನ್ನು ಕಂಡು ಎದ್ದು ನಿಂತು, ಪಕ್ಕದಲ್ಲಿದ್ದ ನಾಲ್ಕೈದು ಜನರನ್ನು ಸರಿಸಿ ಜಾಗ ಮಾಡಿದ. "ಬರ್ರಿ ಸರ್, ಚಾ ಕುಡೀರಿ. ಇವರೇ ನೋಡ್ರೆಪಾ ನಮ್ಮ ಪ್ಯಾರಿಬಿನ್ನ ಉಳಿಸಿದವರು. ಹಿಂದ ಮುಂದ ನೋಡಲಿಲ್ಲ," ಎಂದ. ಎಲ್ಲರೂ ಇವನ ಕಡೆ ನೋಡಿದರು. ಒಬ್ಬ ವಯಸ್ಸಾದವನು ಕೈ ಮುಗಿದ.

ಮನೆಯಲ್ಲಿ ಪ್ಯಾರಿಬಿ ಕೇಳಿದ್ದಕ್ಕೆ ಹೇಳಿದ್ದ. ಇಲ್ಲಿ ಯಾರೂ ಕೇಳಿರಲಿಲ್ಲ. ಜಯತೀರ್ಥ ಬೆಂಚಿನ ಮೇಲೆ ಕೂತ.

"ಮಹಾದೇವಪ್ಪ, ನೀವೂ ಕುಂದರ್ರಿ," ಎಂದ. "ನೀವು ಬರೋಕ್ಕಿಂತ ಮೊದಲು ಅಲ್ಲಿ ಏನಾಯ್ತು ಅಂತ ನಿಮಗ ಗೊತ್ತಿಲ್ಲ. ಅದನ್ನ ಹೇಳ್ತೇನಿ."

"ಹೇಳ್ರಲ್ಲ," ಎಂದು ನಗುತ್ತಲೇ ಕೂತ ಮಹಾದೇವಪ್ಪ, ಇವನ ಮುಖ ನೋಡಿ ನಗು ನಿಲ್ಲಿಸಿದ. ಜಯತೀರ್ಥ ಹೇಳತೊಡಗಿದ. ಧ್ವನಿ ಎಷ್ಟು ಸಣ್ಣದಾಗಿತ್ತು ಎಂದರೆ, ಹೋಟೆಲಿನವನು ಚಹಾ ಸೋಸುವುದನ್ನು ನಿಲ್ಲಿಸಿ, ಒಲೆ ಸಣ್ಣ ಮಾಡಿ, ಕೇಳಿಸಿಕೊಳ್ಳಲು ಹತ್ತಿರ ಬಂದು ನಿಂತ.